ಸ್ಕಿಜೋಫ್ರೇನಿಯಾ ಅಧ್ಯಯನಕ್ಕೆ ದಾನದ ಮಿದುಳು ಅಂಗಾಂಶ: ಯಾವುದನ್ನು ಒಪ್ಪಬೇಕು, ಎಷ್ಟು ಕೇಳಬೇಕು?

ಪ್ರಶ್ನೆ: ಪದರ_ಮೂರು

ಎಲ್ಲರಿಗೂ ನಮಸ್ಕಾರ. ಇಲಿಯಲ್ಲಿ ಕಂಡದ್ದನ್ನು ಮನುಷ್ಯರ ಮಿದುಳಿನಲ್ಲಿ ಪರೀಕ್ಷಿಸಿ ನೋಡುವ ಯೋಜನೆಯೊಂದನ್ನು ಬರೆಯುತ್ತಿದ್ದೇವೆ. ಮಿದುಳಿನ ಮುಂಭಾಗದ ಮೇಲ್ಪಕ್ಕದ ಕಾರ್ಟೆಕ್ಸ್ (ಹೊರಪದರ), ಅಂದರೆ ಡಿಎಲ್‌ಪಿಎಫ್‌ಸಿ (ಬ್ರಾಡ್‌ಮನ್ 9 ಮತ್ತು 46), ಅದರೊಳಗಿನ ಪಾರ್ವಾಲ್ಬುಮಿನ್ ಎಂಬ ಪ್ರೋಟೀನ್ ಇರುವ ನರಕೋಶಗಳು ನಮ್ಮ ಗುರಿ. 20 ಜನ ಸ್ಕಿಜೋಫ್ರೇನಿಯಾ ಇದ್ದವರು, 20 ಕಂಟ್ರೋಲ್ (ಹೋಲಿಕೆಗಾಗಿ, ಆ ರೋಗ ಇಲ್ಲದವರು).

ಮಿದುಳು ಬ್ಯಾಂಕಿನಿಂದ ಮೊದಲ ಪಟ್ಟಿ ಬಂದಿದೆ. ರೋಗಿಗಳ ಗುಂಪಿನಲ್ಲಿ ಪಿಎಂಐ (ಸಾವಿನಿಂದ ಮಿದುಳನ್ನು ಸಂಸ್ಕರಿಸುವವರೆಗಿನ ಅವಧಿ) ಸರಾಸರಿ 19 ಗಂಟೆ, ಪಿಎಚ್ 6.2, ಆರ್‌ಎನ್‌ಎ ಗುಣಮಟ್ಟದ ಅಂಕ ರಿನ್ (10ಕ್ಕೆ) 6.1. ಕಂಟ್ರೋಲ್ ಗುಂಪಿನಲ್ಲಿ 9 ಗಂಟೆ, 6.6, 7.2. ಹೆಚ್ಚಿನ ರೋಗಿಗಳು ಆತ್ಮಹತ್ಯೆಯಿಂದ ತೀರಿಕೊಂಡವರು, ಕಂಟ್ರೋಲ್‌ಗಳು ಬಹುಪಾಲು ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ತೀರಿಕೊಂಡವರು.

ರಿನ್ 6.1 ಸಾಕೇ? ಒಬ್ಬೊಬ್ಬ ದಾನಿಯಿಂದ ಎಷ್ಟು ಅಂಗಾಂಶ ಕೇಳುವುದು ನ್ಯಾಯ? ಹೆಪ್ಪುಗಟ್ಟಿಸಿದ್ದು ಕೇಳಬೇಕೋ ಫಾರ್ಮಲಿನ್‌ನಲ್ಲಿ ಇಟ್ಟದ್ದೋ? ರೋಗಿಗಳೆಲ್ಲ ವರ್ಷಗಟ್ಟಲೆ ಔಷಧಿ ತೆಗೆದುಕೊಂಡವರು, ಅದರ ಪರಿಣಾಮವನ್ನು ರೋಗದಿಂದ ಬೇರ್ಪಡಿಸುವುದು ಹೇಗೆ?

ಉತ್ತರ 1: ಸ್ಲೈಡ್_ಪೆಟ್ಟಿಗೆ

ರಿನ್ 6.1 ಎಂಬ ಅಂಕಿ ಒಂದೇ ಇದ್ದಿದ್ದರೆ ನಾನು ಹೆದರುತ್ತಿರಲಿಲ್ಲ. 6ರ ಮೇಲಿದ್ದರೆ ಬಹಳಷ್ಟು ಕೆಲಸ ನಡೆಯುತ್ತದೆ. ನಿಮ್ಮ ಪಟ್ಟಿಯಲ್ಲಿ ಹೆದರಬೇಕಾದದ್ದು ಎರಡು ಗುಂಪುಗಳ ನಡುವಿನ ಅಂತರಕ್ಕೆ. ಪಿಎಂಐ, ಪಿಎಚ್, ರಿನ್ ಮೂರೂ ಒಂದೇ ದಿಕ್ಕಿಗೆ ವಾಲಿವೆ. ಈ ಪಟ್ಟಿಯನ್ನೇ ಇಟ್ಟುಕೊಂಡು ಹೋದರೆ ಕೊನೆಯಲ್ಲಿ ಸಿಗುವ ವ್ಯತ್ಯಾಸ ಸ್ಕಿಜೋಫ್ರೇನಿಯಾದ್ದೋ, ಶವಾಗಾರದಲ್ಲಿ ಕಳೆದ ಹೊತ್ತಿನದ್ದೋ ಯಾರೂ ಹೇಳಲಾರರು.

ಪಿಎಂಐ ಬಗ್ಗೆ ಒಂದು ಮಾತು. ಗಂಟೆ ಎಣಿಸಿದರೆ ಸಾಲದು. ದೇಹ ಬೇಗ ಶೀತಲ ಪೆಟ್ಟಿಗೆ ಸೇರಿದ್ದರೆ 24 ಗಂಟೆಯ ನಂತರವೂ ರಿನ್ 7 ಸಿಗುವುದುಂಟು. ಏಪ್ರಿಲ್ ಬಿಸಿಲಲ್ಲಿ, ಮುಚ್ಚಿದ ಕೋಣೆಯಲ್ಲಿ ಆರು ಗಂಟೆ ಬಿದ್ದಿದ್ದರೆ ಅಂಗಾಂಶ ಕೆಟ್ಟಿರುತ್ತದೆ. ಹಾಗಾಗಿ ‘ಸಾವಿನಿಂದ ಶೀತಲ ಪೆಟ್ಟಿಗೆವರೆಗೆ’ ಮತ್ತು ‘ಶೀತಲ ಪೆಟ್ಟಿಗೆಯಿಂದ ಹೆಪ್ಪುಗಟ್ಟಿಸುವವರೆಗೆ’ ಎಂದು ಎರಡು ಅಂಕಿಗಳನ್ನು ಬೇರೆಬೇರೆಯಾಗಿ ಕೇಳಿ.

ಪಿಎಚ್ ಹೇಳುವುದು ಸಾವಿನ ನಂತರದ ಕಥೆಗಿಂತ ಹೆಚ್ಚಾಗಿ ಸಾವಿನ ಮುಂಚಿನ ಗಂಟೆಗಳ ಕಥೆ. ವೆಂಟಿಲೇಟರ್, ದೀರ್ಘ ಜ್ವರ, ಆಮ್ಲಜನಕದ ಕೊರತೆ ಇದ್ದರೆ ಲ್ಯಾಕ್ಟಿಕ್ ಆಮ್ಲ ಸೇರಿ ಪಿಎಚ್ 6ರ ಕೆಳಗೆ ಇಳಿಯುತ್ತದೆ. ಕುಸಿದು ಬಿದ್ದು ತಕ್ಷಣ ಸತ್ತವರಲ್ಲಿ 6.6, 6.8 ಹೀಗೆ ಇರುತ್ತದೆ. ಮಿದುಳಿನ ಭಾಗದಿಂದ ಭಾಗಕ್ಕೆ ಪಿಎಚ್ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಅಮೂಲ್ಯವಾದ ಕಾರ್ಟೆಕ್ಸ್ ಖರ್ಚು ಮಾಡದೆ ಕಿರುಮಿದುಳಿನ ಚೂರೊಂದನ್ನು ಹತ್ತು ಪಟ್ಟು ಡಿಸ್ಟಿಲ್ಡ್ ನೀರಿನಲ್ಲಿ ಅರೆದು ಮೀಟರ್ ಇಡಿ. ನೀರಿನ ಪಿಎಚ್ ಅನ್ನು ಮೊದಲೇ 7ಕ್ಕೆ ಹೊಂದಿಸಿರಬೇಕು, ಬಫರ್ ಬಳಸಲೇಬಾರದು. 40 ಮಾದರಿಗಳನ್ನೂ ಒಂದೇ ದಿನ, ಒಂದೇ ಮೀಟರ್‌ನಲ್ಲಿ ಅಳೆಯಿರಿ. ಬೈಪೋಲಾರ್‌ನಲ್ಲಿ ಮೈಟೊಕಾಂಡ್ರಿಯಾದ ಜೀನ್‌ಗಳು ಕುಗ್ಗಿವೆ ಎಂದು ಒಂದು ಕಾಲದಲ್ಲಿ ಬಂದ ವರದಿಗಳಲ್ಲಿ, ಪಿಎಚ್ ಮತ್ತು ಔಷಧಿಯನ್ನು ಲೆಕ್ಕಕ್ಕೆ ಹಿಡಿದಾಗ ಎಷ್ಟೋ ವ್ಯತ್ಯಾಸ ಕರಗಿಹೋಯಿತು.

ಹೆಪ್ಪುಗಟ್ಟಿಸಿದ್ದೋ ಫಾರ್ಮಲಿನ್ನೋ ಎಂದರೆ ಎರಡನ್ನೂ ಕೇಳಿ, ಆದರೆ ಬೇರೆ ಬೇರೆ ಕೆಲಸಕ್ಕೆ. ಸಾಮಾನ್ಯವಾಗಿ ಒಂದು ಅರ್ಧಗೋಳ 10% ಬಫರ್ಡ್ ಫಾರ್ಮಲಿನ್‌ಗೆ ಹೋಗುತ್ತದೆ. ಇನ್ನೊಂದನ್ನು ಸುಮಾರು 1 ಸೆಂ.ಮೀ. ದಪ್ಪದ ಬಿಲ್ಲೆಗಳಾಗಿ ಕೊಯ್ದು, ಡ್ರೈ ಐಸ್‌ನಲ್ಲಿ ತಣಿಸಿದ ಅಲ್ಯೂಮಿನಿಯಂ ಹಲಗೆಗಳ ನಡುವೆ ಇಟ್ಟು ಹೆಪ್ಪುಗಟ್ಟಿಸಿ, ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ. ಬಿಲ್ಲೆ ನಿಧಾನವಾಗಿ ಹೆಪ್ಪುಗಟ್ಟಿದರೆ ಒಳಗೆ ಮಂಜಿನ ಹರಳು ಬೆಳೆದು ಅಂಗಾಂಶ ಸ್ಪಂಜಿನಂತೆ ತೂತುತೂತಾಗುತ್ತದೆ. ನೇರ ದ್ರವ ನೈಟ್ರೋಜನ್‌ಗೆ ಹಾಕಿದರೆ ಬಿರುಕು ಬಿಡುತ್ತದೆ. ಪಟ್ಟಿ ಒಪ್ಪುವ ಮುಂಚೆ ಪ್ರತಿ ದಾನಿಯ ಒಂದು ನಿಸ್ಸಲ್ ಬಣ್ಣದ (ನರಕೋಶಗಳನ್ನು ಎದ್ದು ಕಾಣಿಸುವ) ಸ್ಲೈಡ್ ತರಿಸಿ ನೋಡಿ. ತೂತು ಕಂಡರೆ ಆ ದಾನಿಯ ಆರ್‌ಎನ್‌ಎ ಬಳಸಬಹುದು, ಕೋಶ ಎಣಿಸಲು ಬಳಸಬೇಡಿ.

ಅಳತೆಯ ಪ್ರಶ್ನೆಗೆ: ಒಟ್ಟು ಆರ್‌ಎನ್‌ಎ ಮತ್ತು ಪ್ರೋಟೀನಿಗೆ ತಲಾ 50 ಮಿ.ಗ್ರಾಂ., ನ್ಯೂಕ್ಲಿಯಸ್ ಬೇರ್ಪಡಿಸಲು 50ರಿಂದ 100. ಜೊತೆಗೆ ಒಂದು ಸಲ ಕೈಕೊಟ್ಟರೆ ಎಂದು ಇನ್ನೊಂದು 50. ಹೀಗೆ 200ರಿಂದ 250 ಮಿ.ಗ್ರಾಂ. ಕೇಳಿದರೆ ಯಾವ ಸಮಿತಿಯೂ ಬೇಡ ಅನ್ನಲಾರದು. ಗ್ರಾಂಗಟ್ಟಲೆ ಕೇಳಬೇಡಿ. ಡಿಎಲ್‌ಪಿಎಫ್‌ಸಿ ಎಲ್ಲರೂ ಕೇಳುವ ಜಾಗ, ಒಬ್ಬ ದಾನಿಯಲ್ಲಿ ಇರುವುದೇ ಸ್ವಲ್ಪ, ಮುಗಿದರೆ ಮುಗಿಯಿತು. ತೂಕಕ್ಕಿಂತ ಕೊಯ್ತದ ಕೋನವನ್ನು ಸ್ಪಷ್ಟವಾಗಿ ಬರೆಯಿರಿ: ಹೊರಪೊರೆಗೆ ಲಂಬವಾಗಿ, ಆರೂ ಪದರಗಳು ಸಿಗುವಂತೆ. ಓರೆ ಕೊಯ್ತದಲ್ಲಿ ಒಬ್ಬರಲ್ಲಿ ಮೂರನೇ ಪದರ ಹೆಚ್ಚು, ಇನ್ನೊಬ್ಬರಲ್ಲಿ ಐದನೆಯದು ಹೆಚ್ಚು ಬರುತ್ತದೆ. 2000ರಲ್ಲಿ ಪಿಟ್ಸ್‌ಬರ್ಗ್‌ನ ಗ್ಲಾಂಟ್ಸ್ ಮತ್ತು ಲೂಯಿಸ್ ಡೆಂಡ್ರೈಟ್ ಮುಳ್ಳುಗಳು (ನರಕೋಶದ ಕವಲುಗಳ ಮೇಲಿನ, ಸಂಪರ್ಕ ಪಡೆಯುವ ಚಿಕ್ಕ ಮೊನೆಗಳು) 23% ಕಡಿಮೆ ಎಂದು ತೋರಿಸಿದ್ದು ಆಳದ ಮೂರನೇ ಪದರದಲ್ಲಿ. ಪದರ ತಪ್ಪಿದರೆ ಅಂಥ ವ್ಯತ್ಯಾಸ ಕಾಣುವುದೇ ಇಲ್ಲ.

ಇನ್ನು ಕೈಕೆಲಸ. ತಟ್ಟೆ, ಉಳಿ, ಚಿಮಟ ಎಲ್ಲವನ್ನೂ ಅರ್ಧ ಗಂಟೆ ಮುಂಚೆ ಡ್ರೈ ಐಸ್ ಮೇಲೆ ಇಟ್ಟಿರಿ. ಹೆಪ್ಪುಗಟ್ಟಿದ ಬಿಲ್ಲೆಯಲ್ಲಿ ಬಿಳಿ ಭಾಗ ಸೀಮೆಸುಣ್ಣದ ಹಾಗೆ ಕಾಣುತ್ತದೆ, ಬೂದು ಭಾಗ ನಸುಗೆಂಪು ಬೆರೆತ ಕಂದು, ಹೊರ ಅಂಚಿನಲ್ಲಿ ರಕ್ತನಾಳದ ಕೆಂಪು ಗೆರೆ. ಉಳಿ ತಾಗಿಸಿದರೆ ಬೂದು ಭಾಗ ಸಿಪ್ಪೆಸಿಪ್ಪೆಯಾಗಿ ಸಿಡಿಯಬೇಕು. ಮೇಲ್ಮೈ ಮಂಕಾಗಿರುವವರೆಗೆ ಸರಿ. ಎಲ್ಲಾದರೂ ಒದ್ದೆ ಹೊಳಪು ಕಂಡರೆ ಅಲ್ಲಿ ಕರಗಲು ಶುರುವಾಗಿದೆ, ತಕ್ಷಣ ಡ್ರೈ ಐಸ್‌ಗೆ ವಾಪಸ್ ಇಡಿ. ಕರಗಿ ಮತ್ತೆ ಹೆಪ್ಪುಗಟ್ಟಿದ ಅಂಗಾಂಶದಿಂದ ರಿನ್ 3, 4 ಬಂದಾಗ ದಾನಿಯನ್ನು ದೂರುವುದು ಅನ್ಯಾಯ. ಬಂದ ದಿನವೇ ತೂಗಿ ಸಣ್ಣ ಸಣ್ಣ ಟ್ಯೂಬ್‌ಗಳಿಗೆ ಹಂಚಿಬಿಡಿ. ಬಿಳಿ ಭಾಗ ಎಷ್ಟು ಬೆರೆತಿದೆ ಎಂದು, ಬಿಳಿ ಭಾಗದಲ್ಲಿ ಹೆಚ್ಚಿರುವ ಎಂಬಿಪಿ ಜೀನ್ ಅಳೆದು ನೋಡಿ.

ಫಾರ್ಮಲಿನ್ ತುಂಡಿಗೆ: ತಿಂಗಳುಗಟ್ಟಲೆ ಮುಳುಗಿದ್ದರೆ ಆ್ಯಂಟಿಬಾಡಿ (ಗುರಿಯ ಪ್ರೋಟೀನಿಗೆ ಅಂಟಿ ಅದನ್ನು ತೋರಿಸುವ ವಸ್ತು) ಸರಿಯಾಗಿ ಹಿಡಿಯುವುದಿಲ್ಲ. ಎಷ್ಟು ದಿನ ಇತ್ತು ಎಂದು ಕೇಳಿ. ಅದು ಮತ್ತೆ ಹಿಡಿಯುವಂತೆ ಮಾಡಲು ಪಿಎಚ್ 6ರ ಸಿಟ್ರೇಟ್‌ನಲ್ಲಿ 95 ಡಿಗ್ರಿಗೆ 20 ನಿಮಿಷ ಕಾಯಿಸುವುದರಿಂದ ಶುರುಮಾಡಿ. ಇಲಿಯಲ್ಲಿ ಅಷ್ಟಾಗಿ ಕಾಡದ ಒಂದು ತೊಂದರೆ ಇಲ್ಲಿದೆ. ನಡುವಯಸ್ಸು ದಾಟಿದವರ ನರಕೋಶಗಳಲ್ಲಿ ಲಿಪೊಫಸ್ಸಿನ್ ಎಂಬ ವಯಸ್ಸಿನ ವರ್ಣದ್ರವ್ಯ ತುಂಬಿ, ಅದು ತಾನಾಗಿ ಎಲ್ಲ ಬಣ್ಣದಲ್ಲೂ ಹೊಳೆಯುತ್ತದೆ. ಹೊಸಬರು ಅದನ್ನೇ ಸಿಗ್ನಲ್ ಎಂದು ಎಣಿಸಿಬಿಡುತ್ತಾರೆ. ಆ ಹೊಳಪು ಮುಚ್ಚಲು, ಎರಡನೇ ಆ್ಯಂಟಿಬಾಡಿ ಆದಮೇಲೆ 70% ಆಲ್ಕೋಹಾಲ್‌ನಲ್ಲಿ 0.1% ಸುಡಾನ್ ಬ್ಲ್ಯಾಕ್ ಬಿ, 10 ನಿಮಿಷ. ಆಮೇಲೆ ತೊಳೆಯುವ ಬಫರ್‌ನಲ್ಲಿ ಡಿಟರ್ಜೆಂಟ್ ಇರಬಾರದು, ಇದ್ದರೆ ಹಾಕಿದ ಕಪ್ಪು ಎದ್ದುಹೋಗುತ್ತದೆ. ಆ್ಯಂಟಿಬಾಡಿ ಹಾಕದ ಒಂದು ಸ್ಲೈಡ್ ಪ್ರತಿ ದಾನಿಗೂ ಇರಲಿ.

ಉತ್ತರ 2: ಕೇಸ್‌ಶೀಟ್

ಸ್ಲೈಡ್_ಪೆಟ್ಟಿಗೆಯವರು ಅಂಗಾಂಶದ ಬಗ್ಗೆ ಹೇಳಿದ್ದಾರೆ, ನಾನು ಅದರ ಜೊತೆ ಬರುವ ಕಾಗದದ ಬಗ್ಗೆ ಹೇಳುತ್ತೇನೆ. ಅಲ್ಜೈಮರ್‌ನಲ್ಲಿ ಸ್ಲೈಡ್ ನೋಡಿ ರೋಗ ಹೇಳಬಹುದು. ಸ್ಕಿಜೋಫ್ರೇನಿಯಾ, ಬೈಪೋಲಾರ್, ಖಿನ್ನತೆಗಳಲ್ಲಿ ಎಷ್ಟೇ ನುರಿತ ಪೆಥಾಲಜಿಸ್ಟ್ ಆದರೂ ಸ್ಲೈಡ್ ನೋಡಿ ರೋಗ ಹೇಳಲಾರರು. ಹಾಗಾಗಿ ಕಾಗದ ದುರ್ಬಲವಾಗಿದ್ದರೆ ಆ ಅಂಗಾಂಶ ಯಾವ ರೋಗದ್ದೂ ಅಲ್ಲ, ಬರೀ ಅಂಗಾಂಶ.

ನೀವು ಕೇಳಲೇಬೇಕಾದದ್ದು: ರೋಗನಿರ್ಣಯ ಹೇಗಾಯಿತು? ಒಳ್ಳೆಯ ಬ್ಯಾಂಕ್‌ಗಳಲ್ಲಿ ಆಸ್ಪತ್ರೆಯ ದಾಖಲೆ ಮತ್ತು ಮನೆಯವರ ಸಂದರ್ಶನ ಎರಡನ್ನೂ ಇಟ್ಟುಕೊಂಡು ಇಬ್ಬರು ಮನೋವೈದ್ಯರು ಬೇರೆಬೇರೆಯಾಗಿ ನಿರ್ಧರಿಸಿ, ತಾಳೆಯಾಗದಿದ್ದರೆ ಮೂರನೆಯವರನ್ನು ಕೇಳುತ್ತಾರೆ. ಕಂಟ್ರೋಲ್‌ಗಳ ಮನೆಯವರನ್ನೂ ಅದೇ ಪ್ರಶ್ನೆಗಳಿಂದ ಮಾತಾಡಿಸಿದ್ದಾರೆಯೇ? ‘ಮಾನಸಿಕ ರೋಗದ ದಾಖಲೆ ಇಲ್ಲ’ ಎಂಬುದು ‘ಮಾನಸಿಕ ರೋಗ ಇರಲಿಲ್ಲ’ ಎಂಬುದಕ್ಕೆ ಸಮ ಅಲ್ಲ. ನರರೋಗ ಪರೀಕ್ಷೆಯ ವರದಿಯನ್ನೂ ತರಿಸಿ. ವಯಸ್ಸಾದವರಲ್ಲಿ ಅಲ್ಜೈಮರ್ ಬದಲಾವಣೆ, ನಮ್ಮ ದೇಶದಲ್ಲಿ ಲಾಡಿಹುಳುವಿನ ಗಂಟು, ಕುಡಿತದ ಹಾನಿ, ಹಳೆಯ ಪಾರ್ಶ್ವವಾಯು, ಇವು ಇದ್ದವರನ್ನು ಆರಂಭದಲ್ಲೇ ಬಿಡಬೇಕು.

ಕನ್ನಡ ಮಾತಾಡುವ ಮನೆಗಳಲ್ಲಿ ಸಂದರ್ಶನ ಮಾಡುವವರಿಗೆ ಒಂದು ಸೂಚನೆ. ‘ಆ್ಯಂಟಿಸೈಕೋಟಿಕ್ ತಗೊಳ್ತಿದ್ರಾ’ ಎಂದರೆ ಇಲ್ಲ ಅನ್ನುತ್ತಾರೆ. ‘ನಿದ್ದೆ ಮಾತ್ರೆ ಕೊಡ್ತಿದ್ರು’, ‘ನರದ ಮಾತ್ರೆ’ ಎನ್ನುವುದು ಒಲಾಂಜಪಿನ್ ಎಂಬ ಆ್ಯಂಟಿಸೈಕೋಟಿಕ್ ಆಗಿರಬಹುದು. ಹಳೆಯ ಚೀಟಿ, ಮಾತ್ರೆಯ ಖಾಲಿ ಪಟ್ಟಿ ತೋರಿಸಲು ವಿನಂತಿಸಿ. ‘ಒಬ್ಬನೇ ಮಾತಾಡಿಕೊಳ್ತಿದ್ದ’, ‘ಊಟಕ್ಕೆ ಏನೋ ಹಾಕಿದ್ದಾರೆ ಅಂತಿದ್ದ’, ಇಂಥ ಮಾತುಗಳನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಿ, ಯಾವ ವಯಸ್ಸಿನಲ್ಲಿ ಶುರುವಾಯಿತು ಎಂದು ಸೇರಿಸಿ. ಬೀಡಿ, ಸಿಗರೇಟು, ಹೊಗೆಸೊಪ್ಪು ಮೂರನ್ನೂ ಬೇರೆಬೇರೆಯಾಗಿ ಕೇಳಿ. ಸ್ಕಿಜೋಫ್ರೇನಿಯಾ ಇದ್ದವರಲ್ಲಿ ಧೂಮಪಾನ ಹೆಚ್ಚು, ಅದೂ ಜೀನ್‌ಗಳ ಅಭಿವ್ಯಕ್ತಿಯನ್ನು ಬದಲಿಸುತ್ತದೆ. ಮನೆಯವರ ಮಾತಿನ ಜೊತೆಗೆ ರಕ್ತದಲ್ಲಿ ಕೊಟಿನೀನ್ (ನಿಕೋಟಿನ್ ದೇಹದಲ್ಲಿ ಬದಲಾಗಿ ಉಳಿಯುವ ವಸ್ತು) ಅಳೆಸಿ.

ಔಷಧಿ ನಿಜವಾಗಿಯೂ ದೊಡ್ಡ ತೊಡಕು. 2005ರಲ್ಲಿ ಪಿಟ್ಸ್‌ಬರ್ಗ್‌ನ ತಂಡ ಆರೋಗ್ಯವಂತ ಮಕಾಕ್ ಕೋತಿಗಳಿಗೆ 17ರಿಂದ 27 ತಿಂಗಳು ಹಾಲೊಪೆರಿಡಾಲ್ ಅಥವಾ ಒಲಾಂಜಪಿನ್ ಕೊಟ್ಟು ನೋಡಿತು. ಮಿದುಳಿನ ತೂಕ, ಗಾತ್ರ 8ರಿಂದ 11% ಕುಗ್ಗಿತ್ತು. ರೋಗವೇ ಇಲ್ಲದ ಮಿದುಳಿನಲ್ಲಿ! ಹಾಗಾಗಿ ಬರೀ ‘ಹೌದು/ಇಲ್ಲ’ ಕಲಂ ಸಾಲದು. ಜೀವಮಾನದ ಒಟ್ಟು ಪ್ರಮಾಣವನ್ನು ಕ್ಲೋರ್‌ಪ್ರೊಮಜಿನ್ ಸಮಾನಕ್ಕೆ (ಬೇರೆಬೇರೆ ಔಷಧಿಗಳನ್ನು ಒಂದೇ ಅಳತೆಗೆ ತರುವ ಲೆಕ್ಕ) ಪರಿವರ್ತಿಸಿ, ಕೊನೆಯ ಮೂರು ತಿಂಗಳದ್ದನ್ನು ಬೇರೆ ಬರೆಯಿರಿ. ಸಾವಿನ ಹೊತ್ತಿಗೆ ರಕ್ತದಲ್ಲಿ ಏನಿತ್ತು ಎಂಬ ವಿಷವಿಜ್ಞಾನ ವರದಿ ಕೊನೆಯ ಕೆಲವು ದಿನಗಳನ್ನು ಮಾತ್ರ ತೋರಿಸುತ್ತದೆ. ವ್ಯಾಲ್ಪ್ರೊಯೇಟ್ (ಮನಸ್ಥಿತಿ ಸ್ಥಿರವಿಡುವ ಔಷಧಿ) ತೆಗೆದುಕೊಂಡವರನ್ನು ಗುರುತು ಮಾಡಿಡಿ, ಅದು ಹಿಸ್ಟೋನ್ ಡಿಅಸಿಟೈಲೇಸ್ ಎಂಬ ಕಿಣ್ವವನ್ನು ತಡೆಯುತ್ತದೆ, ಎಪಿಜೆನೆಟಿಕ್ (ಜೀನ್‌ಗಳ ಕೆಲಸ ಬದಲಿಸುವ ರಾಸಾಯನಿಕ ಗುರುತುಗಳ) ಅಳತೆಯನ್ನು ನೇರವಾಗಿ ಕಲಕುತ್ತದೆ.

ಬೇರ್ಪಡಿಸುವ ದಾರಿ ಮೂರನೇ ಗುಂಪು. ಅದೇ ಔಷಧಿ ತೆಗೆದುಕೊಂಡ, ಆದರೆ ರೋಗ ಬೇರೆಯಾದ ಬೈಪೋಲಾರ್ ದಾನಿಗಳನ್ನು ಸೇರಿಸಿ. ಅಮೆರಿಕದ ಸ್ಟ್ಯಾನ್ಲಿ ಸಂಸ್ಥೆಯ ಹಳೆಯ ಸಂಗ್ರಹ ಇದೇ ಯೋಚನೆಯದ್ದು: ಸ್ಕಿಜೋಫ್ರೇನಿಯಾ, ಬೈಪೋಲಾರ್, ತೀವ್ರ ಖಿನ್ನತೆ, ಕಂಟ್ರೋಲ್, ತಲಾ 15, ಒಟ್ಟು 60 ಮಿದುಳು. ಗುಂಪು ಹೇಗೆ ಕಟ್ಟಬೇಕು ಎಂಬುದಕ್ಕೆ ಮಾಂಟ್ರಿಯಲ್‌ನ 2009ರ ಕೆಲಸ ನನಗೆ ಇಂದಿಗೂ ಮಾದರಿ. ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾಗಿ ಆತ್ಮಹತ್ಯೆ ಮಾಡಿಕೊಂಡವರು 12, ದೌರ್ಜನ್ಯ ಇಲ್ಲದೆ ಆತ್ಮಹತ್ಯೆ ಮಾಡಿಕೊಂಡವರು 12, ಕಂಟ್ರೋಲ್ 12. ಹಿಪೊಕ್ಯಾಂಪಸ್‌ನಲ್ಲಿ ಗ್ಲುಕೊಕಾರ್ಟಿಕಾಯ್ಡ್ (ಒತ್ತಡದ ಹಾರ್ಮೋನ್) ಗ್ರಾಹಕ ಜೀನಿನ ಮಿಥೈಲೇಷನ್ (ಮೇಲೆ ಹೇಳಿದಂಥ ಒಂದು ಗುರುತು) ಮೊದಲ ಗುಂಪಿನಲ್ಲಿ ಮಾತ್ರ ಹೆಚ್ಚಿತ್ತು. ಮನೆಯವರನ್ನು ಯಾರೂ ಮಾತಾಡಿಸದಿದ್ದರೆ ಆ 24 ಜನ ಒಂದೇ ಗುಂಪಿನಲ್ಲಿ ಸೇರಿ, ಉತ್ತರ ಸರಾಸರಿಯಲ್ಲಿ ಮುಳುಗಿಹೋಗುತ್ತಿತ್ತು.

ನಿಮ್ಮ 19 ಗಂಟೆ ಮತ್ತು 9 ಗಂಟೆ ಎಲ್ಲಿಂದ ಬಂತು ಎಂದು ಊಹಿಸುವುದು ಕಷ್ಟವಲ್ಲ. ಭಾರತದಲ್ಲಿ ಆತ್ಮಹತ್ಯೆ ಅಂದರೆ ಪೊಲೀಸ್ ಪ್ರಕರಣ. ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ (ಹಿಂದಿನ ಸಿಆರ್‌ಪಿಸಿ 174) ಪ್ರಕಾರ ಪಂಚನಾಮೆ, ಆಮೇಲೆ ಶವಪರೀಕ್ಷೆ. ಮನೆಯವರ ಒಪ್ಪಿಗೆ ಇದ್ದರೂ ತನಿಖೆಯ ಕಾಗದ ಮುಗಿಯದೆ ಮಿದುಳು ಕೈಗೆ ಬರದು. ಆಸ್ಪತ್ರೆಯ ಸಾವಿಗೆ ಈ ಓಡಾಟ ಇಲ್ಲ. ಆದ್ದರಿಂದ ಕಂಟ್ರೋಲ್‌ಗಳನ್ನೂ ಅದೇ ಬಾಗಿಲಿನಿಂದ ಬಂದವರಲ್ಲಿ ಹುಡುಕಿ: ರಸ್ತೆ ಅಪಘಾತದಲ್ಲಿ ತಕ್ಷಣ ತೀರಿಕೊಂಡವರು. ಅವರಿಗೂ ಪಂಚನಾಮೆ, ಅಷ್ಟೇ ಹೊತ್ತು, ಸಾವೂ ದಿಢೀರ್. ತಲೆಗೆ ಪೆಟ್ಟಾದವರನ್ನು ಬಿಡಿ, ಮಿದುಳಿನ ಮುಂಭಾಗದ ಜಜ್ಜುಗಾಯ ನಿಮ್ಮ ಜಾಗದಲ್ಲೇ ಇರುತ್ತದೆ. ಎದೆ, ಹೊಟ್ಟೆಯ ಗಾಯದಿಂದ ಸತ್ತವರು ಸರಿ.

ಉತ್ತರ 3: ಎಣಿಕೆ_ಪಟ್ಟಿ

ಮೇಲಿನ ಇಬ್ಬರ ಮಾತಿಗೂ ನನ್ನ ಸಹಮತ. ‘ಪಿಎಂಐಯನ್ನು ಮಾಡೆಲ್‌ನಲ್ಲಿ ಕೋವೇರಿಯೇಟ್ ಆಗಿ (ಲೆಕ್ಕದಲ್ಲೇ ತಿದ್ದುವ ಅಂಶವಾಗಿ) ಹಾಕಿದರೆ ಆಯಿತಲ್ಲ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎರಡು ಗುಂಪುಗಳ ಅಂಕಿಗಳು ಒಂದರ ಮೇಲೊಂದು ಬೀಳದಿದ್ದರೆ ಯಾವ ಮಾಡೆಲ್ಲೂ ಅವನ್ನು ಬಿಡಿಸಲಾರದು. ಜೋಡಿ ಕಟ್ಟಿ: ಪ್ರತಿ ರೋಗಿಗೆ ಅದೇ ಲಿಂಗದ, ವಯಸ್ಸಿನಲ್ಲಿ 5 ವರ್ಷ, ಪಿಎಂಐಯಲ್ಲಿ 4–5 ಗಂಟೆ, ಪಿಎಚ್‌ನಲ್ಲಿ 0.2ರ ಒಳಗಿನ ಕಂಟ್ರೋಲ್. 20 ಜೋಡಿ ಸಿಗದೆ 14 ಸಿಕ್ಕರೆ 14 ಜೋಡಿಯೇ ಮೇಲು. ಆಮೇಲೆ ಆ ಜೋಡಿಯನ್ನು ಕೊನೆವರೆಗೂ ಒಟ್ಟಿಗೇ ನಡೆಸಿ. ಒಂದೇ ದಿನ ಅರೆಯುವುದು, ಒಂದೇ ಚಿಪ್, ಒಂದೇ ಸೀಕ್ವೆನ್ಸಿಂಗ್ ಸುತ್ತು. ರೋಗಿಗಳನ್ನೆಲ್ಲ ಸೋಮವಾರ, ಕಂಟ್ರೋಲ್‌ಗಳನ್ನೆಲ್ಲ ಮಂಗಳವಾರ ಮಾಡಿದರೆ ಸಿಗುವುದು ಸೋಮವಾರ ಮಂಗಳವಾರಗಳ ವ್ಯತ್ಯಾಸ.

ಸಂಖ್ಯೆಯ ವಾಸ್ತವ ಇದು. 2016ರ ಕಾಮನ್‌ಮೈಂಡ್ ಅಧ್ಯಯನದಲ್ಲಿ 258 ಸ್ಕಿಜೋಫ್ರೇನಿಯಾ, 279 ಕಂಟ್ರೋಲ್, ಅದೇ ಡಿಎಲ್‌ಪಿಎಫ್‌ಸಿ. 693 ಜೀನ್‌ಗಳು ಬದಲಾಗಿದ್ದವು, ಆದರೆ ಬದಲಾವಣೆ ಅತಿ ಹೆಚ್ಚೆಂದರೆ 1.33 ಪಟ್ಟು. ಇಷ್ಟು ಸಣ್ಣದನ್ನು 20ಕ್ಕೆ 20ರಲ್ಲಿ ಇಡೀ ಜೀನೋಮ್ ಜಾಲಾಡಿ ಹಿಡಿಯಲಾಗದು. ಪ್ರಶ್ನೆಯನ್ನು ಕಿರಿದು ಮಾಡಿ: ಪಾರ್ವಾಲ್ಬುಮಿನ್, ಜಿಎಡಿ67, ಸೊಮ್ಯಾಟೊಸ್ಟ್ಯಾಟಿನ್ (ಮೂರೂ ತಡೆಯೊಡ್ಡುವ ನರಕೋಶಗಳ ಗುರುತು), ಮೊದಲೇ ಬರೆದಿಟ್ಟ ಹತ್ತಿಪ್ಪತ್ತು ಜೀನ್‌ಗಳು.

ಹೆಪ್ಪುಗಟ್ಟಿದ ಅಂಗಾಂಶದಲ್ಲಿ ಕೋಶದ ಪೊರೆ ಒಡೆದಿರುತ್ತದೆ, ಇಡೀ ಕೋಶ ಸಿಗುವುದಿಲ್ಲ, ನ್ಯೂಕ್ಲಿಯಸ್ ಸಿಗುತ್ತದೆ. 50 ಮಿ.ಗ್ರಾಂ. ತುಂಡನ್ನು ಐಸ್ ಮೇಲಿನ ಡೌನ್ಸ್ ಗಾಜಿನ ಒರಳಿನಲ್ಲಿ ಸಡಿಲ ಕುಟ್ಟಾಣಿಯಿಂದ 10 ಸಲ, ಬಿಗಿಯದರಿಂದ 10–15 ಸಲ, ನೊರೆ ಏಳದಂತೆ ಅರೆಯಿರಿ. ಬಫರ್‌ನಲ್ಲಿ ಆರ್‌ಎನ್‌ಎಸ್ (ಆರ್‌ಎನ್‌ಎ ಕತ್ತರಿಸುವ ಕಿಣ್ವ) ತಡೆಯುವ ವಸ್ತು ಮೊದಲಿನಿಂದ ಕೊನೆವರೆಗೂ ಇರಬೇಕು. 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಅಯೋಡಿಕ್ಸನಾಲ್ ಎಂಬ ಸಾಂದ್ರ ದ್ರವದ ಮೇಲೆ ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಮಯಲಿನ್ (ನರತಂತುಗಳ ಕೊಬ್ಬಿನ ಹೊದಿಕೆ) ಕೆನೆಯಂತೆ ಮೇಲೆ ನಿಲ್ಲುತ್ತದೆ, ಅದನ್ನು ಪೂರ್ತಿ ತೆಗೆಯಿರಿ. ಡಾಪಿ (ಡಿಎನ್‌ಎಗೆ ಅಂಟಿ ಹೊಳೆಯುವ ಬಣ್ಣ) ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನ್ಯೂಕ್ಲಿಯಸ್‌ಗಳ ಅಂಚು ಚೂಪಾಗಿ ದುಂಡಗೆ ಇರಬೇಕು. ಅಂಚು ಹಿಂಜಿದಂತಿದ್ದರೆ ಹೆಚ್ಚು ಅರೆದಿದ್ದೀರಿ, ಆ ನೀರಿನಲ್ಲಿ ತೇಲುವ ಆರ್‌ಎನ್‌ಎ ಎಲ್ಲ ನ್ಯೂಕ್ಲಿಯಸ್‌ಗೂ ಅಂಟಿ, ನರಕೋಶವಲ್ಲದ ಆಸ್ಟ್ರೊಸೈಟ್‌ನಲ್ಲೂ ನರಕೋಶದ ಜೀನ್ ಕಾಣಿಸುತ್ತದೆ. ನಿಮಗೆ ಬೇಕಾದ ಕೋಶ ವಿರಳ. 5,000 ನ್ಯೂಕ್ಲಿಯಸ್ ಓದಿದರೆ ಪಾರ್ವಾಲ್ಬುಮಿನ್ ಜಾತಿಯವು ನೂರು, ಇನ್ನೂರು ಸಿಕ್ಕರೆ ಹೆಚ್ಚು. ನ್ಯೂಎನ್ (ನರಕೋಶದ ನ್ಯೂಕ್ಲಿಯಸ್ ಗುರುತಿಸುವ ಪ್ರೋಟೀನ್) ಆ್ಯಂಟಿಬಾಡಿ ಹಾಕಿ ನರಕೋಶಗಳನ್ನು ಮೊದಲೇ ಬೇರ್ಪಡಿಸಿ.

ವಿಶ್ಲೇಷಣೆಯಲ್ಲಿ ಎಷ್ಟು ಲಕ್ಷ ನ್ಯೂಕ್ಲಿಯಸ್ ಇದ್ದರೂ ನಿಮ್ಮ ಮಾದರಿ ಸಂಖ್ಯೆ 40, ಅದಕ್ಕಿಂತ ಹೆಚ್ಚಲ್ಲ. ಒಬ್ಬ ದಾನಿಯ ಒಂದು ಜಾತಿಯ ಕೋಶಗಳನ್ನೆಲ್ಲ ಕೂಡಿಸಿ ಒಂದು ಸಾಲು ಮಾಡಿ, ಆಮೇಲೆ ಹೋಲಿಸಿ. ಕೋಶಗಳನ್ನೇ ಸ್ವತಂತ್ರ ಮಾದರಿ ಎಂದುಕೊಂಡರೆ ಸಾವಿರಾರು ಸುಳ್ಳು ಜೀನ್‌ಗಳು ‘ಮಹತ್ವದ್ದು’ ಎಂದು ಬರುತ್ತವೆ.

ಒಟ್ಟು ಆರ್‌ಎನ್‌ಎ ಮಾಡುವುದಾದರೆ ರಿನ್ ತಿದ್ದಿದರೂ ಕೊಳೆತದ ಪರಿಣಾಮ ಉಳಿಯುತ್ತದೆ. ಬಾಲ್ಟಿಮೋರ್‌ನ ಲೀಬರ್ ಸಂಸ್ಥೆಯವರು ಅಂಗಾಂಶವನ್ನು ಬೇಕೆಂದೇ ಕೋಣೆಯ ಉಷ್ಣತೆಯಲ್ಲಿ ಒಂದು ಗಂಟೆವರೆಗೆ ಬಿಟ್ಟು, ಯಾವ ಆರ್‌ಎನ್‌ಎ ತುಣುಕುಗಳು ಬೇಗ ಹಾಳಾಗುತ್ತವೆ ಎಂದು ಗುರುತಿಸಿ, ಅವನ್ನೇ ತಿದ್ದುಪಡಿಗೆ ಬಳಸುವ ಕ್ಯೂಎಸ್‌ವಿಎ ವಿಧಾನವನ್ನು 2017ರಲ್ಲಿ ಕೊಟ್ಟರು. ಅದನ್ನು ಬಳಸಿ.

ಉತ್ತರ 4: ಸ್ಲೈಡ್_ಪೆಟ್ಟಿಗೆ

ಎಣಿಕೆ_ಪಟ್ಟಿಯವರ ಮಾತಿಗೆ ಒಂದು ಸೇರಿಕೆ, ಒಂದು ತಕರಾರು.

ಸೇರಿಕೆ: ಪಾರ್ವಾಲ್ಬುಮಿನ್ ಕೋಶಗಳು ‘ಕಡಿಮೆಯಾಗಿವೆ’ ಎಂದು ಬರೆಯುವ ಮುಂಚೆ ಎರಡು ಸಲ ಯೋಚಿಸಿ. ಪಿಟ್ಸ್‌ಬರ್ಗ್‌ನ 2003ರ ಕೆಲಸದಲ್ಲಿ ಕೋಶಗಳ ಸಾಂದ್ರತೆ ಹಾಗೇ ಇತ್ತು, ಪ್ರತಿ ಕೋಶದೊಳಗಿನ ಪಾರ್ವಾಲ್ಬುಮಿನ್ ಎಂಆರ್‌ಎನ್‌ಎ ಕುಗ್ಗಿತ್ತು. ಪ್ರೋಟೀನ್ ತಗ್ಗಿದ ಕೋಶಕ್ಕೆ ಬಣ್ಣ ಹಿಡಿಯುವುದಿಲ್ಲ. ಕಾಣದ ಕೋಶವನ್ನು ಸತ್ತ ಕೋಶ ಎಂದು ಎಣಿಸಿದರೆ ಇಡೀ ತೀರ್ಮಾನ ತಲೆಕೆಳಗಾಗುತ್ತದೆ. ಇನ್ನೊಂದು ಸ್ವತಂತ್ರ ಗುರುತು ಜೊತೆಗಿರಲಿ.

ತಕರಾರು: ಪಿಎಚ್ ಅನ್ನು 0.2ರೊಳಗೆ ಜೋಡಿಸುವುದು ಸರಿ, ಆದರೆ ಅದು ಬರೀ ಕಲಬೆರಕೆ ಎಂದುಕೊಳ್ಳಬೇಡಿ. ಸಾಯುವ ಮುಂಚಿನ ನರಳಾಟ, ಔಷಧಿ ಯಾವುದೂ ಇಲ್ಲದ ಇಲಿ ಮಾದರಿಗಳಲ್ಲೂ ಮಿದುಳಿನ ಪಿಎಚ್ ಇಳಿದು ಲ್ಯಾಕ್ಟೇಟ್ ಏರಿರುವುದನ್ನು 2018ರಲ್ಲಿ ಜಪಾನಿನ ತಂಡ ತೋರಿಸಿದೆ. ಆಮ್ಲೀಯತೆಯ ಒಂದು ಪಾಲು ರೋಗದ್ದೇ ಆಗಿದ್ದರೆ ತಿದ್ದುಪಡಿಯಲ್ಲಿ ರೋಗವೂ ಹೋಗುತ್ತದೆ. ಫಲಿತಾಂಶವನ್ನು ಪಿಎಚ್ ತಿದ್ದಿ ಒಮ್ಮೆ, ತಿದ್ದದೆ ಒಮ್ಮೆ, ಎರಡನ್ನೂ ಪ್ರಕಟಿಸಿ.

ಪ್ರತಿಕ್ರಿಯೆ: ತುಂಗಾತೀರ

ಈ ಚರ್ಚೆ ಓದುತ್ತಿದ್ದೆ. ಮಾನಸಿಕ ಕಾಯಿಲೆ ಇಲ್ಲದವರೂ ಮಿದುಳು ದಾನ ಮಾಡಬಹುದಾ? ಮುಖ ವಿರೂಪ ಆಗುತ್ತದಾ? ಮನೆಯಲ್ಲಿ ಹಿರಿಯರು ಅದನ್ನೇ ಕೇಳುತ್ತಾರೆ.

ಉತ್ತರ 5: ಕೇಸ್‌ಶೀಟ್

ಖಂಡಿತ ಮಾಡಬಹುದು. ಇಡೀ ಚರ್ಚೆಯಲ್ಲಿ ಕಂಟ್ರೋಲ್ ಎಂದು ನಾವು ಹೇಳುತ್ತಿರುವುದು ಅವರನ್ನೇ, ಮತ್ತು ಎಲ್ಲ ಕಡೆ ಕೊರತೆ ಇರುವುದೂ ಅವರದ್ದೇ. ಮುಖಕ್ಕೆ ಏನೂ ಆಗುವುದಿಲ್ಲ. ಒಂದು ಕಿವಿಯ ಹಿಂದಿನಿಂದ ನೆತ್ತಿಯ ಮೇಲಾಗಿ ಇನ್ನೊಂದು ಕಿವಿಯ ಹಿಂದಕ್ಕೆ ಕೊಯ್ದು, ಮಿದುಳು ತೆಗೆದು, ಬುರುಡೆಯನ್ನು ಮೊದಲಿನಂತೆ ಕೂರಿಸಿ ಚರ್ಮ ಹೊಲಿಯುತ್ತಾರೆ. ಹೊಲಿಗೆ ಕೂದಲಿನಡಿ, ತಲೆಯ ಹಿಂಬದಿಗೆ ಬರುತ್ತದೆ. ದೇಹವನ್ನು ಮನೆಗೆ ಒಯ್ದು ಎಲ್ಲ ವಿಧಿಗಳನ್ನೂ ಮಾಡಬಹುದು. ಕಣ್ಣು ದಾನವೂ ಜೊತೆಗೆ ಆಗಬಹುದು. ಆದರೆ ಇಡೀ ದೇಹವನ್ನು ಅಂಗರಚನಾ ವಿಭಾಗಕ್ಕೆ ಬರೆದಿಟ್ಟಿದ್ದರೆ ಮೊದಲು ಆ ಕಾಲೇಜನ್ನು ಕೇಳಿ, ಶವಪರೀಕ್ಷೆಯಾದ ದೇಹವನ್ನು ಹೆಚ್ಚಿನವರು ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗಶಾಸ್ತ್ರ ವಿಭಾಗದಲ್ಲಿ 1995ರಿಂದ ಮಾನವ ಮಿದುಳು ಅಂಗಾಂಶ ಭಂಡಾರ ಇದೆ. ನೀವು ಒಪ್ಪಿಗೆ ಬರೆದಿಟ್ಟಿದ್ದರೂ ಆ ಹೊತ್ತಿನಲ್ಲಿ ಫೋನ್ ಮಾಡಬೇಕಾದವರು ಮನೆಯವರು. ಅವರಿಗೆ ಈಗಲೇ ತಿಳಿಸಿಡಿ, ತಡವಾದ ಪ್ರತಿ ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ಪ್ರತಿಕ್ರಿಯೆ: ಪದರ_ಮೂರು

ತುಂಬಾ ಉಪಕಾರವಾಯಿತು. ಪಟ್ಟಿ ವಾಪಸ್ ಕಳಿಸಿ, ಅಪಘಾತದ ಕಂಟ್ರೋಲ್‌ಗಳನ್ನು ಮತ್ತು 10 ಬೈಪೋಲಾರ್ ದಾನಿಗಳನ್ನು ಕೇಳುತ್ತೇವೆ. ಅಂಗಾಂಶ ಬೇರೆ ಊರಿನಿಂದ ಬರಬೇಕು. ಸಾಗಣೆಯಲ್ಲಿ ಏನು ನೋಡಿಕೊಳ್ಳಬೇಕು?

ಉತ್ತರ 6: ಸ್ಲೈಡ್_ಪೆಟ್ಟಿಗೆ

ದಪ್ಪ ಥರ್ಮೊಕೋಲ್ ಪೆಟ್ಟಿಗೆ, ದಿನಕ್ಕೆ ಕನಿಷ್ಠ 5 ಕೆ.ಜಿ. ಲೆಕ್ಕದಲ್ಲಿ ಡ್ರೈ ಐಸ್, ಪ್ರಯಾಣ ಒಂದು ದಿನದ್ದಾದರೂ ಎರಡು ದಿನಕ್ಕೆ ಆಗುವಷ್ಟು. ಮುಚ್ಚಳವನ್ನು ಗಾಳಿಯಾಡದಂತೆ ಬಿಗಿಯಬೇಡಿ, ಅನಿಲ ಹೊರಹೋಗಲು ದಾರಿ ಇರಬೇಕು. ಟ್ಯೂಬ್‌ಗಳು ಐಸ್‌ನ ನಡುವೆ ಇರಲಿ, ಮೇಲಲ್ಲ. ಸೋಮವಾರ ಅಥವಾ ಮಂಗಳವಾರ ಕಳಿಸಲು ಹೇಳಿ. ಶುಕ್ರವಾರ ಹೊರಟದ್ದು ಭಾನುವಾರ ಯಾವುದೋ ಗೋದಾಮಿನಲ್ಲಿ ಕರಗುತ್ತದೆ. ಉಷ್ಣತೆ ಬರೆದುಕೊಳ್ಳುವ ಲಾಗರ್ ಒಂದನ್ನು ಒಳಗಿಡಿಸಿ.

ಬಂದದ್ದನ್ನು ಫಾರ್ಮಲಿನ್‌ನಲ್ಲಿ ಇಲ್ಲದ ಎಲ್ಲ ಮನುಷ್ಯ ಅಂಗಾಂಶದಂತೆ ಸೋಂಕಿನದ್ದೆಂದೇ ಭಾವಿಸಿ, ಜೈವಿಕ ಸುರಕ್ಷತೆಯ ಎರಡನೇ ಹಂತದಲ್ಲಿ ತೆರೆಯಿರಿ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ವರದಿ ಜೊತೆಗಿರಬೇಕು. ನಾಯಿ ಕಡಿತದ ವಿವರವನ್ನೂ ಕೇಳಿ, ರೇಬಿಸ್ ಕೆಲವೊಮ್ಮೆ ಮಾನಸಿಕ ಲಕ್ಷಣಗಳಿಂದಲೇ ಶುರುವಾಗುತ್ತದೆ. ಕೆಲವೇ ತಿಂಗಳಲ್ಲಿ ಮರೆವು ವೇಗವಾಗಿ ಏರಿ ತೀರಿಕೊಂಡವರು ಪಟ್ಟಿಯಲ್ಲಿದ್ದರೆ ಮುಟ್ಟಬೇಡಿ. ಅದು ಪ್ರಿಯಾನ್ ರೋಗವಾಗಿದ್ದರೆ (ತಪ್ಪಾಗಿ ಮಡಚಿದ ಪ್ರೋಟೀನಿನಿಂದ ಬರುವ, ಹರಡಬಲ್ಲ ಮಿದುಳಿನ ರೋಗ) ಫಾರ್ಮಲಿನ್ ಅದನ್ನು ಕೊಲ್ಲುವುದಿಲ್ಲ, ಫಾರ್ಮಿಕ್ ಆಮ್ಲದಲ್ಲಿ ಒಂದು ಗಂಟೆ ಇಟ್ಟ ತುಂಡನ್ನು ಮಾತ್ರ ಕೊಯ್ಯಬಹುದು.